ಹರಿಕೇನ್ ಮಾಡೆಲ್ಲಿಗೆ ರಾತ್ರಿಯ ಎಕ್ಸಾಸ್ಟ್ ಬೆಂಕಿ: ಯಾವ ಬಣ್ಣ, ಎಷ್ಟುದ್ದ

ಎರಡನೇ ಮಹಾಯುದ್ಧದ ವಿಮಾನದ ಮಾಡೆಲ್ ಕಟ್ಟಿ ರಾತ್ರಿ ದೃಶ್ಯದಲ್ಲಿ ಇಡುವವರು ಹೆಚ್ಚಾಗಿ ಕೆಡಿಸುವುದು ಎಕ್ಸಾಸ್ಟ್ ಹತ್ತಿರವೇ, ಅಂದರೆ ಎಂಜಿನ್ನಿನ ಹೊಗೆ ಹೊರಬೀಳುವ ಪೈಪಿನ ಬಳಿ. ದೀಪಾವಳಿ ರಾಕೆಟ್ಟಿನ ಹಾಗೆ ಉದ್ದನೆಯ ಕೇಸರಿ ಬೆಂಕಿ ಅಂಟಿಸಿಬಿಡುತ್ತಾರೆ. ಬ್ರಿಟನ್ನಿನ ಯುದ್ಧವಿಮಾನ ಹರಿಕೇನಿನಲ್ಲಿ ಇದ್ದದ್ದು ಮರ್ಲಿನ್ ಎಂಜಿನ್. ಸಮವೇಗದಲ್ಲಿ ಹೋಗುವಾಗ ಅದರ ಬೆಂಕಿ ತಿಳಿನೀಲಿ, ಗಿಡ್ಡ.

ಬಣ್ಣ ಕಲಸುವ ಮೊದಲು ಸಂಜೆ ಹೊತ್ತಿಗೆ ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಗ್ಯಾಸ್ ವೆಲ್ಡಿಂಗ್ ಅಂಗಡಿ ಹುಡುಕಿಕೊಂಡು ಹೋಗಿ. (ಆರ್ಕ್ ವೆಲ್ಡಿಂಗನ್ನು ಮಾತ್ರ ಬರಿಗಣ್ಣಿನಿಂದ ನೋಡಬೇಡಿ.) ‘ಕಾಕಾ, ಆಕ್ಸಿಜನ್ ಸಾವಕಾಶ ಬಿಡ್ರಿ, ಬೆಂಕಿ ಬಣ್ಣ ನೋಡಬೇಕ್ರಿ’ ಅಂದರೆ ಸಾಕು. ಅಸಿಟಿಲಿನ್ ಒಂದೇ ಇದ್ದಾಗ ಬೆಂಕಿ ಹಳದಿ, ತುದಿಯಿಂದ ಕರಿ ಮಸಿಯ ಎಳೆ ಹಾರುತ್ತವೆ. ಪೂರ್ತಿ ಸುಡದ ಇಂಗಾಲದ ಕಣ ಕಾದು ಹೊಳೆಯುವುದೇ ಆ ಹಳದಿ. ಆಕ್ಸಿಜನ್ ಏರಿದಂತೆ ಹಳದಿ ಕುಗ್ಗಿ ನೀಲಿ ನಿಲ್ಲುತ್ತದೆ. ನಡುವಿನ ಬೆಳ್ಳನೆಯ ಮೊನೆಯನ್ನು ಬಿಟ್ಟುಬಿಡಿ, ವಿಮಾನದಲ್ಲಿ ಅದಿಲ್ಲ.

ಎಂಜಿನ್ನಿನಲ್ಲೂ ಇದೇ ಲೆಕ್ಕ. ಒಂದು ತೂಕ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಟೇಕಾಫಿನಲ್ಲಿ ಪೆಟ್ರೋಲನ್ನು ಬೇಕೆಂದೇ ಹೆಚ್ಚು ಕೊಡುತ್ತಾರೆ. ಅದು ಆವಿಯಾಗುತ್ತ ಒಳಗಿನ ಮಿಶ್ರಣವನ್ನು ತಂಪಿಟ್ಟು ನಾಕಿಂಗ್ (ಮಿಶ್ರಣ ಹೊತ್ತಲ್ಲದ ಹೊತ್ತಿಗೆ ತಾನಾಗಿ ಸಿಡಿಯುವುದು) ತಡೆಯುತ್ತದೆ. ಆಗ ಅರ್ಧ ಸುಟ್ಟು ಬಂದ ಕಾರ್ಬನ್ ಮೊನಾಕ್ಸೈಡ್ ಹೊರಗಿನ ಗಾಳಿ ತಾಗಿದ ಕೂಡಲೇ ಮತ್ತೆ ಹೊತ್ತಿಕೊಳ್ಳುತ್ತದೆ. ಅದರ ಬೆಂಕಿ ನೀಲಿ. ಮಸಿ ಸೇರಿದಷ್ಟೂ ಅಂಚು ಕೇಸರಿ.

ಹಾಗಾಗಿ ಮೊದಲು ಗಳಿಗೆ ಯಾವುದೆಂದು ಗೊತ್ತುಮಾಡಿಕೊಳ್ಳಿ. ಟೇಕಾಫ್ ಆದರೆ ಬುಡ ನೀಲಿ, ತುದಿ ಕೇಸರಿ. ಇಳಿಯುವಾಗ ಎಂಜಿನ್ ತಗ್ಗಿಸಲು ಥ್ರಾಟಲ್ ಹಿಂದಕ್ಕೆ ಎಳೆದರೆ ಟಪ್ ಟಪ್ ಎಂದು ಹಳದಿ ನಾಲಗೆ. ಉದ್ದನೆಯ ಹಳದಿ ಬೆಂಕಿಯೇ ಬೇಕೆನ್ನುವವರು ವಿಮಾನವನ್ನು ನೆಲದ ಮೇಲೆ ನಿಲ್ಲಿಸಲಿ: ಸ್ಟಾರ್ಟ್ ಮಾಡುವಾಗ ಪ್ರೈಮಿಂಗ್ (ಮುಂಚೆಯೇ ಪೆಟ್ರೋಲು ಊಡುವುದು) ಹೆಚ್ಚಾದರೆ ಹಾಗೆ ಬರುತ್ತದೆ.

ಕಿಟ್ಟಿನ ಪಾರದರ್ಶಕ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ, ಜ್ವಾಲೆಗೆ ತಾಗಿಸದೆ ಕಾಯಿಸಿ ಎಳೆಯಿರಿ. 1/48 ಅಳತೆಗೆ 2ರಿಂದ 4 ಮಿಲಿಮೀಟರ್ ತುಂಡು ಸಾಕು. ನಿಜದಲ್ಲಿ ಅದು ಸುಮಾರು 10ರಿಂದ 20 ಸೆಂಟಿಮೀಟರ್. ಹೊಳಪಿನ ಅಕ್ರಿಲಿಕ್ ವಾರ್ನಿಶ್ 10 ಹನಿಗೆ ಅಲ್ಟ್ರಾಮರೀನ್ ನೀಲಿ 1 ಹನಿ ಬೆರೆಸಿ ಒಂದೇ ಪದರ ಹಚ್ಚಿ. ಬಿಳಿ ಬೆರೆಸಿದಿರೋ, ಬೆಂಕಿ ಹೋಗಿ ಸೀಮೆಸುಣ್ಣ ಆಗುತ್ತದೆ. ಅಂಟಿಸಲು ಫೆವಿಕಾಲ್ ಇರಲಿ. ಸೂಪರ್ ಗ್ಲೂ ಹಚ್ಚಿದರೆ ಅದರ ಹಬೆ ಹಿಡಿದು ಪ್ಲಾಸ್ಟಿಕ್ ಮಂಜಾಗುತ್ತದೆ.

ಹರಿಕೇನಿಗೆ ಒಂದೊಂದು ಬದಿಗೆ ಮೂರೇ ಎಕ್ಸಾಸ್ಟ್ ಬಾಯಿ, ಒಂದೊಂದಕ್ಕೆ ಎರಡು ಸಿಲಿಂಡರ್. 3000 ಆರ್‌ಪಿಎಂನಲ್ಲಿ ಒಂದು ಸಿಲಿಂಡರ್ ಸೆಕೆಂಡಿಗೆ 25 ಸಲ ಉಗುಳುತ್ತದೆ, ಅಂದರೆ ಬಾಯಿಗೆ 50. ಮೂರನ್ನೂ ಒಂದೇ ಉದ್ದ ಕತ್ತರಿಸಿದರೆ ಅಡುಗೆಮನೆಯ ಗ್ಯಾಸ್ ಬರ್ನರ್ ಕಂಡಂತಾಗುತ್ತದೆ. ಒಂದನ್ನು ಗಿಡ್ಡ ಮಾಡಿ. ಪೈಪಿನ ಬಾಯೊಳಗೆ ಮಂದ ಕೆಂಪು ಹಚ್ಚಿ. ಅದು ಕಾದ ಲೋಹದ ಬಣ್ಣ, ಬೆಂಕಿಯದಲ್ಲ.

ಇನ್ನೊಂದು ಮರೆಯುವ ಭಾಗ: ರಾತ್ರಿ ಹಾರಿದ ಹರಿಕೇನುಗಳಿಗೆ ಎಕ್ಸಾಸ್ಟಿಗೂ ಕಾಕ್‌ಪಿಟ್ಟಿಗೂ ನಡುವೆ ಮರೆತಗಡು ಕೂರಿಸುತ್ತಿದ್ದರು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಲು ಅರ್ಧ ತಾಸು ಬೇಕು, ಕೆಡಲು ಒಂದು ಮಿಂಚು ಸಾಕು. ಕಾಲು ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ ಮೂಗಿನ ಎರಡೂ ಬದಿಗೆ ಅಂಟಿಸಿ.

ರಾತ್ರಿ ಬಾಂಬು ಹಾಕುತ್ತಿದ್ದ ಬ್ರಿಟನ್ನಿನ ದೊಡ್ಡ ವಿಮಾನ ಲ್ಯಾಂಕಾಸ್ಟರ್ ಕಟ್ಟುವವರಿಗೆ ಈ ಕೆಲಸವೇ ಇಲ್ಲ. ಕಿಟ್ಟಿನಲ್ಲಿ ಎಕ್ಸಾಸ್ಟ್ ಮೇಲೆ ಬೆಂಕಿ ಮರೆಸುವ ಹೊದಿಕೆ ಇದ್ದರೆ ಅದರ ಹಿಂದಿನ ಬಾಯಿಗೆ ಮಂದ ಕೆಂಪಿನ ಚುಕ್ಕಿ ಇಟ್ಟು ಬಿಟ್ಟುಬಿಡಿ.