ಕೊಯ್ಲಿಗೊಂದು ಆಟ, ಮಳೆಗೊಂದು ಆಟ

ನಮ್ಮದು ಮೂಡಿಗೆರೆ ತಾಲ್ಲೂಕು. ಕೊಟ್ಟಿಗೆಹಾರದ ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ ಮನೆ. ಇವರಿಗೆ ಕಾಫಿ ತೋಟದ ಕೆಲಸ, ನನಗೆ ಮನೆಯಲ್ಲೇ ಕೂತು ಮಾಡುವ ಲೆಕ್ಕಪತ್ರದ ಕೆಲಸ. ಊಟ ಮುಗಿದು, ಪಾತ್ರೆ ತೊಳೆದು, ಅತ್ತೆ ಮಲಗಿದ ಮೇಲೆ ಒಂದು ಗಂಟೆ ಸಿಗುತ್ತದೆ. ಆ ಒಂದು ಗಂಟೆ ನಾವಿಬ್ಬರೂ ವಿಡಿಯೋ ಗೇಮ್ ಆಡುತ್ತೇವೆ. ಈ ಅಭ್ಯಾಸಕ್ಕೆ ಈಗ ಐದು ವರ್ಷ.

ಒಂದು ಗೇಮ್ ಮುಗಿದ ರಾತ್ರಿ "ಮುಂದೆ ಯಾವುದು?" ಅನ್ನುವ ಪ್ರಶ್ನೆ ಬರುತ್ತದಲ್ಲ, ಅದು ನನಗೆ ಬಹಳ ಮುಖ್ಯ. ತಪ್ಪು ಗೇಮ್ ಆರಿಸಿದರೆ ಹೋಗುವುದು ದುಡ್ಡು ಮಾತ್ರ ಅಲ್ಲ. ನಮ್ಮಿಬ್ಬರ ಆ ಒಂದು ಗಂಟೆಯೂ ಹೋಗುತ್ತದೆ. ಇವರು ಮೊಬೈಲ್ ಹಿಡಿದು ಕೂರುತ್ತಾರೆ, ನಾನು ಇನ್ನೊಂದು ಮೂಲೆಯಲ್ಲಿ ಕೂರುತ್ತೇನೆ.

ಮೊದಮೊದಲು ನಾನು ಸೇಲ್ ನೋಡಿ ಕೊಳ್ಳುತ್ತಿದ್ದೆ. ಒಂದು ಡಿಸೆಂಬರಿನಲ್ಲಿ ಎಲ್ಲರೂ ಹೊಗಳುತ್ತಿದ್ದ ದೊಡ್ಡ ಗೇಮ್ ಒಂದು ಅರ್ಧ ಬೆಲೆಗೆ ಸಿಕ್ಕಿತು. ಗಾತ್ರ 90 ಜಿಬಿ. ನಮ್ಮ ನೆಟ್ ಒಳ್ಳೇ ದಿನದಲ್ಲಿ 10 ಎಂಬಿಪಿಎಸ್. ಒಂದು ಕ್ಷಣ ಬಿಡದೆ ಇಳಿದರೂ 20 ಗಂಟೆ ಬೇಕು. ಬಿಟ್ಟು ಬಿಟ್ಟು ಇಳಿದು ಐದು ದಿನ ಆಯಿತು. ಅಷ್ಟು ಹೊತ್ತಿಗೆ ಕೊಯ್ಲು ಜೋರಾಗಿತ್ತು. ಇವರು ಬೆಳಗ್ಗೆ ಆರಕ್ಕೆ ಎದ್ದವರು ರಾತ್ರಿ ಒಂಬತ್ತಕ್ಕೆ ಕಣದಿಂದ ಬರುತ್ತಿದ್ದರು. ವಾರಕ್ಕೆ ಒಂದು ಸಲ ಗೇಮ್ ತೆರೆದರೆ ಈ ರಾಜ ಯಾರು, ಈ ಕೋಟೆಗೆ ನಾವು ಯಾಕೆ ಬಂದೆವು ಅನ್ನುವುದೇ ಮರೆತು ಹೋಗಿರುತ್ತಿತ್ತು. ಮೂರು ಸಲ ತೆರೆದೆವು, ಮತ್ತೆ ಮುಟ್ಟಲಿಲ್ಲ. ಗೇಮ್ ಚೆನ್ನಾಗಿಯೇ ಇತ್ತು. ಅದನ್ನು ಡಿಸೆಂಬರಿನಲ್ಲಿ ಶುರು ಮಾಡಬಾರದಿತ್ತು, ಅಷ್ಟೇ.

ಅವತ್ತಿನಿಂದ ನಾನು ಮೊದಲು ನೋಡುವುದು ಗೋಡೆಯ ಕ್ಯಾಲೆಂಡರನ್ನು. ನಮ್ಮ ಕಡೆ ವರ್ಷ ನಡೆಯುವುದು ಕಾಫಿಯ ಲೆಕ್ಕದಲ್ಲಿ. ನವೆಂಬರ್ ಕೊನೆಯಿಂದ ಅರೇಬಿಕಾ ಹಣ್ಣು ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂವು ಅರಳಿಸುವ ಹೂಮಳೆಗೆ ಕಾಯುವುದು, ಮಳೆ ಬರದಿದ್ದರೆ ಸ್ಪ್ರಿಂಕ್ಲರ್. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗಾಲ, ಸಂಜೆ ಆರರ ಮೇಲೆ ಹೊರಗೆ ಕೆಲಸವೇ ಇಲ್ಲ. ಇವರ ಮೈಯ ದಣಿವು, ಮನೆಯ ಕರೆಂಟು, ನನ್ನ ಕಂಪನಿಯ ಮಾರ್ಚ್ ಲೆಕ್ಕ, ಎಲ್ಲವೂ ಇದರ ಜೊತೆಗೇ ಓಡುತ್ತವೆ. ಗೇಮ್ ಕೂಡ ಇದಕ್ಕೇ ಹೊಂದಿಕೊಳ್ಳಬೇಕು ಅಲ್ವಾ?

ಕೊಯ್ಲಿನ ಕಾಲಕ್ಕೆ ನಾನು ಆರಿಸುವುದು ಕೂತ ಜಾಗದಲ್ಲೇ ಮುಗಿಯುವ ಗೇಮ್. 2023ರಲ್ಲಿ ಬಂದ ವೆನ್ಬಾ ಅಂಥದ್ದು. ಕೆನಡಾಕ್ಕೆ ಹೋದ ತಮಿಳು ಕುಟುಂಬವೊಂದರ ಕಥೆ, ಆಡುವುದು ಅಡುಗೆ ಮಾಡುತ್ತಾ. ಅಮ್ಮ ಕೊಟ್ಟ ಅಡುಗೆ ಪುಸ್ತಕ ಹರಿದು ಮಸುಕಾಗಿರುತ್ತದೆ, ಅಳಿಸಿ ಹೋದ ಹಂತಗಳನ್ನು ನಾವೇ ಯೋಚಿಸಿ ತುಂಬಬೇಕು. ಮೊದಲ ಅಡುಗೆಯೇ ಇಡ್ಲಿ. ಅವತ್ತು ಅತ್ತೆಗೆ ನಿದ್ದೆ ಬಂದಿರಲಿಲ್ಲ, ಕಂಬಳಿ ಹೊದ್ದು ಬಂದು ಪಕ್ಕದಲ್ಲಿ ಕೂತರು. ನಾನು ಇಡ್ಲಿ ತಟ್ಟೆ ಜೋಡಿಸುವುದನ್ನು ನೋಡಿ "ಹಾಗಲ್ಲ, ಹಾಗಿಟ್ಟರೆ ಮೇಲಿಂದಕ್ಕೆ ಹಬೆ ಹೋಗಲ್ಲ" ಅಂದರು. ಅವರು ಹೇಳಿದ ಹಾಗೆ ಇಟ್ಟೆ. ಇಡ್ಲಿ ಬೆಂದಿತು. ಎರಡೇ ರಾತ್ರಿಯಲ್ಲಿ ಇಡೀ ಗೇಮ್ ಮುಗಿಯಿತು, ಎರಡೂ ರಾತ್ರಿ ಅತ್ತೆ ನಮ್ಮ ಜೊತೆ ಇದ್ದರು.

ಮಾರ್ಚ್ ನನ್ನೊಬ್ಬಳ ತಿಂಗಳು. ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ಟರೆ ಇವರು ಟಾರ್ಚ್ ಹಿಡಿದು ಮೋಟರ್ ಹತ್ತಿರ ಹೋಗುತ್ತಾರೆ. ಆಗ ನಾನು ಒಬ್ಬಳೇ ಆಡುವ ಗೇಮ್ ತೆಗೆಯುತ್ತೇನೆ. ಹೋದ ಸಲ ಸೆಲೆಸ್ಟ್ ಆಡಿದೆ. 2018ರ ಗೇಮ್, ಮ್ಯಾಡೆಲಿನ್ ಅನ್ನುವ ಹುಡುಗಿ ಬೆಟ್ಟ ಹತ್ತುತ್ತಾಳೆ. ಒಂದೊಂದು ಪರದೆಯೂ ಒಂದು ಸಣ್ಣ ಸವಾಲು, ಬಿದ್ದರೆ ಆ ಪರದೆಯ ಶುರುವಿನಿಂದ ತಕ್ಷಣ ಮತ್ತೆ ಆಡಬಹುದು. ಹತ್ತು ನಿಮಿಷ ಸಿಕ್ಕರೂ ಏನೋ ಒಂದು ಗೆದ್ದ ಹಾಗಾಗುತ್ತದೆ. ಕಷ್ಟ ಅನ್ನಿಸಿದರೆ ವೇಗ ಕಡಿಮೆ ಮಾಡುವ ಸೌಲಭ್ಯವೂ ಗೇಮ್‌ನಲ್ಲೇ ಇದೆ. ಲೆಕ್ಕಪತ್ರದ ಕೆಲಸ ಹೆಗಲ ಮೇಲಿರುವ ತಿಂಗಳಲ್ಲಿ ನಾನು ಅದನ್ನು ಸಂಕೋಚ ಇಲ್ಲದೆ ಬಳಸಿದ್ದೇನೆ. ಒಂದು ನಿಯಮ ಮಾತ್ರ ಇದೆ: ಇಬ್ಬರೂ ಸೇರಿ ಆಡುತ್ತಿರುವ ಗೇಮನ್ನು ಇವರಿಲ್ಲದಾಗ ನಾನು ಮುಂದೆ ಆಡುವುದಿಲ್ಲ. ಒಂದು ಸಲ ಆಡಿದ್ದೆ. ಇವರು ಏನೂ ಹೇಳಲಿಲ್ಲ, ಆದರೆ ಆಮೇಲೆ ಆ ಗೇಮ್ ಬಗ್ಗೆ ಕೇಳಲೂ ಇಲ್ಲ.

ಮಳೆಗಾಲಕ್ಕೆ ದೊಡ್ಡ ಕಥೆ. ಆದರೆ ಪುನರ್ವಸು ಮಳೆ ಹಿಡಿದರೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಟಿವಿ, ಲ್ಯಾಪ್‌ಟಾಪ್ ಎರಡೂ ಇನ್ವರ್ಟರ್ ಮೇಲೆ ಇವೆ, ಆದರೂ ಹಗಲೆಲ್ಲ ಕರೆಂಟ್ ಇಲ್ಲದಿದ್ದರೆ ರಾತ್ರಿಗೆ ಬ್ಯಾಟರಿ ಉಳಿಯುವುದಿಲ್ಲ. ಹಾಗಾಗಿ ಮಳೆಗಾಲದ ಗೇಮ್ ಕೊಳ್ಳುವ ಮುಂಚೆ ಎರಡು ವಿಷಯ ನೋಡುತ್ತೇನೆ. ಎಷ್ಟು ಹೊತ್ತಿಗೊಮ್ಮೆ ಸೇವ್ ಆಗುತ್ತದೆ? ನಡುವೆ ನಿಲ್ಲಿಸಬಹುದಾ? 2022ರ ಎಲ್ಡನ್ ರಿಂಗ್ ನನಗೆ ಬಹಳ ಇಷ್ಟವಾಗಬಹುದಾದ ಗೇಮ್, ಆದರೆ ಅದರಲ್ಲಿ ಬೇರೆ ಗೇಮ್‌ಗಳ ಹಾಗೆ ಒಂದು ಬಟನ್ ಒತ್ತಿ ಆಟ ನಿಲ್ಲಿಸಲು ಆಗುವುದಿಲ್ಲ. ರಾತ್ರಿ ಅತ್ತೆ ನೀರು ಕೇಳಿದರೆ ನಾನು ಆ ಕ್ಷಣವೇ ಏಳಬೇಕು. ಅದನ್ನು ಕೊಂಡಿಲ್ಲ.

ದಿ ವಿಚರ್ 3 ಕೊಂಡೆ. 2015ರ ಗೇಮ್, ಮುಖ್ಯ ಕಥೆಯೇ ಸುಮಾರು 50 ಗಂಟೆ. ದಿನಕ್ಕೊಂದು ಗಂಟೆ ಅಂದರೆ ಜೂನ್ ಕೊನೆಗೆ ಶುರು ಮಾಡಿದರೆ ಆಶ್ಲೇಷ ಮಳೆಯ ಹೊತ್ತಿಗೆ ಮುಗಿಯಬೇಕು. ನಮಗೆ ಸೆಪ್ಟೆಂಬರ್ ಆಯಿತು, ಯಾಕೆಂದರೆ ನಾವು ಮಾತಾಡುತ್ತಾ ಆಡುತ್ತೇವೆ. ಕಂಟ್ರೋಲರ್ ನನ್ನ ಕೈಯಲ್ಲಿ, ಗೇಮ್‌ನಲ್ಲಿ ಎದುರಿನವರಿಗೆ ಏನು ಉತ್ತರ ಕೊಡಬೇಕು ಅನ್ನುವ ತೀರ್ಮಾನ ಇವರದು. ಹೆಂಡತಿ, ಮಗಳು ಕಾಣೆಯಾದ ಬ್ಯಾರನ್ ಒಬ್ಬ, ಅಂದರೆ ಪಾಳೇಗಾರನಂಥವನು, ಬರುತ್ತಾನೆ. ಅವನಿಗೆ ಕರುಣೆ ತೋರಿಸಬೇಕಾ ಬೇಡವಾ ಅಂತ ಎರಡು ರಾತ್ರಿ ಆಟ ನಿಲ್ಲಿಸಿ ವಾದ ಮಾಡಿದೆವು. ಗೇಮ್ ಎಷ್ಟು ಗಂಟೆಯದು ಅಂತ ಎಲ್ಲಿ ಓದಿದರೂ ನಾನು ಅದಕ್ಕೆ ಅರ್ಧ ಸೇರಿಸಿಕೊಳ್ಳುತ್ತೇನೆ. ಜೋಡಿಯಾಗಿ ಆಡುವವರಿಗೆ ಅದೇ ಸರಿಯಾದ ಲೆಕ್ಕ.

ಈಗ ಜೊತೆಗಾರರ ವಿಷಯ. ಇವರು ಮದುವೆಗೆ ಮುಂಚೆ ಕಂಟ್ರೋಲರ್ ಮುಟ್ಟಿದವರಲ್ಲ. ನಾನು ಮೊದಲು ಕೊಟ್ಟ ಗೇಮ್‌ನಲ್ಲಿ ಎಡಗೈ ಹೆಬ್ಬೆರಳಲ್ಲಿ ನಡೆಯಬೇಕು, ಬಲಗೈ ಹೆಬ್ಬೆರಳಲ್ಲಿ ಸುತ್ತ ನೋಡಬೇಕು. ಚಿಕ್ಕಂದಿನಿಂದ ಆಡಿದ ನನಗೆ ಅದು ಉಸಿರಾಟದ ಹಾಗೆ. ಇವರಿಗೆ ನಡೆದರೆ ನೋಡಲಾಗದು, ನೋಡಿದರೆ ನಡೆಯಲಾಗದು. ಇಪ್ಪತ್ತು ನಿಮಿಷಕ್ಕೆ "ನೀನೇ ಆಡು" ಅಂತ ಕೊಟ್ಟುಬಿಟ್ಟರು. ಇದನ್ನು ಮೊದಲೇ ಯಾರಾದರೂ ನನಗೆ ಹೇಳಬೇಕಿತ್ತು. ಹೊಸಬರಿಗೆ ಕಷ್ಟ ಆಗುವುದು ಶತ್ರುವಿಂದ ಅಲ್ಲ, ಕ್ಯಾಮೆರಾದಿಂದ, ಅಂದರೆ ಪರದೆಯ ನೋಟವನ್ನು ನಾವೇ ತಿರುಗಿಸುವುದರಿಂದ. ಅವರಿಗೆ ಕ್ಯಾಮೆರಾ ತನ್ನಷ್ಟಕ್ಕೆ ತಾನೇ ನೋಡಿಕೊಳ್ಳುವ ಗೇಮ್‌ನಿಂದ ಶುರು ಮಾಡಬೇಕು.

ನಾವು ಸ್ಟಾರ್ಡ್ಯೂ ವ್ಯಾಲಿಯಿಂದ ಶುರು ಮಾಡಿದೆವು. ಎರಿಕ್ ಬ್ಯಾರೋನ್ ಅನ್ನುವವರು ಒಬ್ಬರೇ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಮಾಡಿ 2016ರಲ್ಲಿ ಹೊರತಂದ ಗೇಮ್. ಮೇಲಿನಿಂದ ನೋಡುವ ಹೊಲ, ಎರಡು ಭಾಗವಾದ ಪರದೆ, ಇಬ್ಬರಿಗೂ ಒಂದೇ ಜಮೀನು. ಗಾತ್ರ ಒಂದು ಜಿಬಿಯೂ ಇಲ್ಲ. ಸೇವ್ ಆಗುವುದು ದಿನ ಮುಗಿದು ಮಲಗಿದಾಗ ಮಾತ್ರ, ಆದರೆ ಗೇಮ್‌ನ ಒಂದು ದಿನ ಅಂದರೆ ಸುಮಾರು 14 ನಿಮಿಷ. ಕರೆಂಟ್ ಹೋದರೂ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ. ಇವರು ಮೂರು ದಿನ ಸುಮ್ನೆ ಕಲ್ಲು ಒಡೆದರು, ಕಳೆ ತೆಗೆದರು. ಆಮೇಲೆ ಒಂದು ರಾತ್ರಿ ಗೇಮ್‌ನಲ್ಲಿ ಗಾಡಿ ತಂದು ಸಾಮಾನು ಮಾರುವವರ ಹತ್ತಿರ ಕಾಫಿ ಬೀಜ ಸಿಕ್ಕಿತು. ಅದನ್ನು ಬಿತ್ತಿದರು. ಹತ್ತೇ ದಿನಕ್ಕೆ ಗಿಡ ಫಸಲು ಕೊಟ್ಟಿತು, ಆಮೇಲೆ ಎರಡು ದಿನಕ್ಕೊಂದು ಕೊಯ್ಲು. ಇವರು ಕಂಟ್ರೋಲರ್ ತೊಡೆ ಮೇಲಿಟ್ಟು ಪರದೆಯನ್ನೇ ನೋಡುತ್ತಾ ಕೂತರು. ನಮ್ಮ ತೋಟದಲ್ಲಿ ಹೊಸ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಕಾಯಬೇಕು. ಹಿಂದಿನ ವರ್ಷ ಕಾಂಡಕೊರಕ ಹುಳ ಬಂದು ಇವರು ಒಂದು ಸಾಲು ಪೂರ್ತಿ ಕಿತ್ತು ಸುಟ್ಟಿದ್ದರು. "ಇನ್ನೊಂದು ಸಾಲು ಹಾಕೋಣ" ಅಂದರು. ಆ ಬೇಸಿಗೆ ನಮ್ಮ ಜಮೀನಿನಲ್ಲಿ ಕಾಫಿ ಬಿಟ್ಟು ಬೇರೇನೂ ಇರಲಿಲ್ಲ.

ಅಲ್ಲಿ ಕೈ ಪಳಗಿದ ಮೇಲೆಯೇ ಇಟ್ ಟೇಕ್ಸ್ ಟೂ ತೆಗೆದಿದ್ದು. 2021ರದು, ಒಬ್ಬರೇ ಆಡಲು ಸಾಧ್ಯವೇ ಇಲ್ಲ, ಇಬ್ಬರು ಬೇಕೇ ಬೇಕು. ಇವರು ಮೊಳೆ ಎಸೆದು ಮರಕ್ಕೆ ಹೊಡೆದರೆ ನಾನು ಸುತ್ತಿಗೆಯನ್ನು ಆ ಮೊಳೆಗೆ ಸಿಕ್ಕಿಸಿ ಜೋತಾಡಿ ಆಚೆ ಹೋಗಬೇಕು. ಇದರಲ್ಲಿ ಒಬ್ಬರು ಕೊಂಡರೆ ಸಾಕು, ಇನ್ನೊಬ್ಬರು ದೂರದ ಊರಿನಿಂದ ಪುಕ್ಕಟೆ ಸೇರಬಹುದು. ಹಾಸನದಲ್ಲಿರುವ ನನ್ನ ತಂಗಿ ಜೊತೆ ಇನ್ನೊಂದು ಸಲ ಪೂರ್ತಿ ಆಡಿದ್ದು ಹಾಗೆಯೇ. ಗಡಿಯಾರ ನೋಡಿಕೊಂಡು ಇಬ್ಬರೂ ಓಡಿ ಅಡುಗೆ ಬಡಿಸುವ ಇನ್ನೊಂದು ಬಗೆಯ ಗೇಮ್ ಇದೆಯಲ್ಲ, ಅದು ನಮಗೆ ಆಗಲಿಲ್ಲ. ದಿನವಿಡೀ ಕೂಲಿಯವರಿಗೆ ಕೆಲಸ ಹೇಳಿ ಬಂದವರಿಗೆ ರಾತ್ರಿ ನಾನು "ಈರುಳ್ಳಿ ಕೊಡಿ, ಬೇಗ" ಅಂತ ಕೂಗುವುದು ಹಿಡಿಸಲಿಲ್ಲ.

ಗೇಮ್ ಕೊಳ್ಳುವ ವಿಷಯದಲ್ಲಿ ಒಂದು ಮಾತು. ನಾನು ಗೇಮ್ ಕೊಳ್ಳುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. 14 ದಿನದ ಲೆಕ್ಕ ಕೊಂಡ ದಿನದಿಂದ. ನೆಟ್ ಸರಿ ಇಲ್ಲದ ವಾರದಲ್ಲಿ ಕೊಂಡರೆ ಇಳಿಯುವುದರಲ್ಲೇ ಅರ್ಧ ದಿನಗಳು ಹೋಗುತ್ತವೆ. ಅದಕ್ಕೇ ಇಷ್ಟವಾದದ್ದನ್ನು ವಿಶ್‌ಲಿಸ್ಟ್‌ಗೆ ಹಾಕಿ ಬಿಡುತ್ತೇನೆ, ಕೊಳ್ಳುವುದು ಆಡುವ ವಾರದಲ್ಲಿ. ಮೊದಲ ಗಂಟೆಯನ್ನು ಕಡ್ಡಾಯವಾಗಿ ಇಬ್ಬರೂ ಕೂತೇ ಆಡುತ್ತೇವೆ.

ಇನ್ನು ನಮ್ಮ ಮನೆಯ ಅತ್ಯುತ್ತಮ ಮಳೆಗಾಲದ ಬಗ್ಗೆ. ಆ ವರ್ಷ ರಿಟರ್ನ್ ಆಫ್ ದಿ ಓಬ್ರಾ ಡಿನ್ ಆರಿಸಿದ್ದು ನಾನು, ಹೆದರಿಕೊಂಡೇ ಆರಿಸಿದೆ. ಕಪ್ಪು ಬಿಳುಪು ಚಿತ್ರ, ಲೂಕಸ್ ಪೋಪ್ ಅನ್ನುವವರು ಮಾಡಿ 2018ರಲ್ಲಿ ಬಂದದ್ದು. ಕಾಲ 1807. ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು ಕಾಣೆಯಾಗಿ, ಒಬ್ಬರೂ ಇಲ್ಲದೆ ವಾಪಸ್ ಬಂದಿದೆ. ಹಡಗಿನಲ್ಲಿದ್ದ 60 ಜನರಲ್ಲಿ ಯಾರು ಯಾರು, ಅವರಿಗೆ ಏನಾಯಿತು ಅಂತ ನಾವು ಪತ್ತೆ ಹಚ್ಚಬೇಕು. ಒಂದು ಗಡಿಯಾರ ಇದೆ, ಅದು ಸತ್ತವರ ಕೊನೆಯ ಕ್ಷಣವನ್ನು ತೋರಿಸುತ್ತದೆ. ಮೂವರ ಬಗ್ಗೆ ಸರಿಯಾಗಿ ಬರೆದಾಗ ಮಾತ್ರ ಗೇಮ್ "ಸರಿ" ಅನ್ನುತ್ತದೆ.

ಕಂಟ್ರೋಲರ್ ಒಂದೇ, ಅದು ನನ್ನ ಹತ್ತಿರ. ಇವರು ಎದ್ದು ಹೋಗಿ ತೋಟದ ಕೆಲಸದವರ ಹಾಜರಿ ಪುಸ್ತಕ ತಂದರು. ಖಾಲಿ ಪುಟದಲ್ಲಿ ಗೆರೆ ಎಳೆದು 60 ಹೆಸರು ಬರೆದರು, ಪಕ್ಕದಲ್ಲಿ ದೇಶ, ಕೆಲಸ. ಭಾರತದ ನಾವಿಕರೂ ಆ ಪಟ್ಟಿಯಲ್ಲಿ ಇದ್ದರು. ನಾನು ಮುಖ ನೋಡುತ್ತಿದ್ದೆ. ಇವರು ನೋಡುತ್ತಿದ್ದದ್ದೇ ಬೇರೆ: ಯಾರು ಯಾರ ಪಕ್ಕ ನಿಂತಿದ್ದಾರೆ, ಯಾರ ಕೈಯಲ್ಲಿ ಯಾವ ಸಾಮಾನು ಇದೆ, ಕಾಲಲ್ಲಿ ಏನು ಹಾಕಿದ್ದಾರೆ. ಇಪ್ಪತ್ತು ವರ್ಷದಿಂದ ಮಂಜಿನಲ್ಲಿ ದೂರದಿಂದಲೇ ಆಳುಗಳನ್ನು ನಡಿಗೆಯಲ್ಲಿ ಗುರುತು ಹಿಡಿದ ಕಣ್ಣು ಅದು. ಒಂದು ರಾತ್ರಿ ಹೊರಗೆ ಮಳೆ ಹೆಂಚು ಒಡೆಯುವ ಹಾಗೆ ಸುರಿಯುತ್ತಿತ್ತು, "ಸ್ವಲ್ಪ ಹಿಂದೆ ಹೋಗು, ಅವನ ಹಿಂದಿರುವವನನ್ನು ತೋರಿಸು" ಅಂದರು. ತೋರಿಸಿದೆ. ಒಂದೇ ಉಸಿರಿಗೆ ಮೂರು ಹೆಸರು ಹೇಳಿದರು. ಯಾವ ಗುರುತಿನಿಂದ ಅಂತ ನಾನು ಬರೆಯುವುದಿಲ್ಲ, ಆಡುವವರ ಸಂತೋಷ ಹಾಳಾಗುತ್ತದೆ. ಮೂರೂ ಸರಿ ಇತ್ತು. ನನಗೆ ಕಣ್ಣು ತುಂಬಿ ಬಂತು. ಅಲ್ಲಿಯವರೆಗೆ ಗೇಮ್ ನನ್ನ ಜಾಗ, ಇವರು ಅಲ್ಲಿಗೆ ಬಂದ ನೆಂಟರು ಅಂದುಕೊಂಡಿದ್ದೆ.

ಅದಾದ ಮೇಲೆ ಆರಿಸುವ ರೀತಿಯೂ ಬದಲಾಯಿತು. ಈಗ ನಾನು ಮೂರು ಗೇಮ್ ಹೇಳುತ್ತೇನೆ, ಒಂದೊಂದರ ಐದು ನಿಮಿಷ ತೋರಿಸುತ್ತೇನೆ, ಇವರು ಒಂದನ್ನು ಹಿಡಿಯುತ್ತಾರೆ. ಕಾರಣ ಕೇಳುವುದಿಲ್ಲ. ಈ ಮಳೆಗೆ ಇವರು ಹಿಡಿದದ್ದು ಔಟರ್ ವೈಲ್ಡ್ಸ್, 2019ರದು. ಒಂದು ಸಣ್ಣ ಸೌರಮಂಡಲ, ಪ್ರತಿ 22 ನಿಮಿಷಕ್ಕೆ ಎಲ್ಲವೂ ಮೊದಲಿನಿಂದ ಶುರು. ಕಂಡದ್ದನ್ನು ನೆನಪಿಟ್ಟುಕೊಂಡು ಒಗಟು ಬಿಡಿಸಬೇಕು. ನೌಕೆ ನಾನು ಓಡಿಸುತ್ತೇನೆ. 8 ಜಿಬಿ, ನಿನ್ನೆ ರಾತ್ರಿಯೇ ಇಳಿದಿದೆ. ಇವರು ಹಾಜರಿ ಪುಸ್ತಕದ ಹೊಸ ಪುಟದಲ್ಲಿ ಗ್ರಹಗಳಿಗೆ ಅಂತ ಆಗಲೇ ಗೆರೆ ಎಳೆದಿಟ್ಟಿದ್ದಾರೆ.