ಹಳ್ಳದ ನೀರಿಗೆ ಮೂರು ಫೇಸಿನ ಮೋಟರ್, ಮನೆಗೆ ಸಿಂಗಲ್ ಫೇಸ್ ಕರೆಂಟ್

ಮಲೆನಾಡಿನ ಹಳ್ಳ. ಇದರ ನೀರಿನಿಂದ ಮೂರು ಫೇಸಿನ ಮೋಟರನ್ನು ತಿರುಗಿಸಿ, ಅದನ್ನೇ ಜನರೇಟರಿನಂತೆ ಬಳಸಿ ಮನೆಗೆ ಕರೆಂಟ್ ತೆಗೆಯುತ್ತಿದ್ದೇನೆ. ನೀರಿನ ಬೀಳು 40 ಮೀಟರ್, ಸೆಕೆಂಡಿಗೆ 5 ಲೀಟರ್ ನೀರು, 90 ಮಿ.ಮೀ. ಪೈಪು, ತುದಿಯಲ್ಲಿ 16 ಮಿ.ಮೀ. ನಾಜಲ್. ಈ ಎತ್ತರಕ್ಕೆ 150 ಮಿ.ಮೀ. ಪೆಲ್ಟನ್ ಚಕ್ರ (ನೀರಿನ ಧಾರೆ ಬಡಿದು ತಿರುಗುವ, ಅಂಚಿನಲ್ಲಿ ಬಟ್ಟಲುಗಳಿರುವ ಚಕ್ರ) ಸುಮಾರು 1550 ಆರ್‌ಪಿಎಂ ಕೊಡುತ್ತದೆ. ಹಾಗಾಗಿ ಬೆಲ್ಟಿನ ತಂಟೆಯೇ ಇಲ್ಲ, ಚಕ್ರವನ್ನು ಮೋಟರಿನ ಶಾಫ್ಟಿಗೇ ಕೂರಿಸಿದ್ದೇನೆ. ಸಿಗುವುದು 800ರಿಂದ 900 ವ್ಯಾಟ್.

ಮೋಟರ್ 2 ಎಚ್‌ಪಿ, ನಾಲ್ಕು ಪೋಲ್, 415 ವೋಲ್ಟ್ ಸ್ಟಾರ್ (ಮೂರು ಸುರುಳಿಗಳ ಒಂದೊಂದು ತುದಿ ಒಂದೆಡೆ ಸೇರಿರುವ ಜೋಡಣೆ). ನೇಮ್ ಪ್ಲೇಟಿನಲ್ಲಿ ಸ್ಟಾರ್ ಎಂದಿರುವುದೇ ಬೇಕು. ಟರ್ಮಿನಲ್ ಬಾಕ್ಸಿನಲ್ಲಿ ಅಡ್ಡ ಇರುವ ಲಿಂಕ್ ಪಟ್ಟಿಗಳನ್ನು ಬಿಚ್ಚಿ ಉದ್ದಕ್ಕೆ ಹಾಕಿದರೆ ಅದು ಡೆಲ್ಟಾ (ಸುರುಳಿಗಳು ತ್ರಿಕೋನವಾಗಿ ಸೇರುವ ಜೋಡಣೆ) ಆಗಿ 240 ವೋಲ್ಟಿಗೆ ಬರುತ್ತದೆ. ದೊಡ್ಡ ಮೋಟರುಗಳು 415ಕ್ಕೇ ಡೆಲ್ಟಾ ಇರುತ್ತವೆ. ರಿವೈಂಡ್ ಮಾಡಿಸದೆ, ಅಂದರೆ ಸುರುಳಿಯನ್ನು ಹೊಸದಾಗಿ ಸುತ್ತಿಸದೆ, ಅವು ಮನೆಗೆ ಆಗುವುದಿಲ್ಲ.

ಹೀಗೆ ತಿರುಗುವ ಮೋಟರಿನಲ್ಲಿ ಕರೆಂಟ್ ಹುಟ್ಟಲು ಬೇಕಾದ ಕಾಂತತ್ವಕ್ಕೆ (ಮ್ಯಾಗ್ನೆಟೈಸಿಂಗ್) ಕರೆಂಟ್ ಕೊಡುವುದು ಕೆಪಾಸಿಟರ್. ಅದರ ಲೆಕ್ಕಕ್ಕೆ ಅಂದಾಜು ಬೇಡ. ಸ್ಟಾರ್‌ನಲ್ಲಿದ್ದಾಗಲೇ ಮೋಟರನ್ನು 415 ವೋಲ್ಟಿನಲ್ಲಿ ಖಾಲಿ ಓಡಿಸಿ, ಕ್ಲಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಿ, 13.3ರಿಂದ ಗುಣಿಸಿ. 1.9 ಆಂಪಿಯರ್ ಬಂದರೆ ಸುಮಾರು 25 ಮೈಕ್ರೊಫ್ಯಾರಡ್. ಇದನ್ನು 'ಸಿ' ಎನ್ನೋಣ. ಮೋಟರಿನ ಮೂರು ತಂತಿಗಳಲ್ಲಿ ಎರಡೆರಡು ಸೇರಿಸಿದರೆ ಮೂರು ಜೋಡಿ. ಒಂದು ಜೋಡಿ ತಂತಿಗೆ ಸಿ, ಇನ್ನೊಂದು ಜೋಡಿಗೆ ಅದರ ಎರಡರಷ್ಟು, ಅಂದರೆ 50. ಮೂರನೆಯ ಜೋಡಿ ಖಾಲಿ. ಮನೆಯ ಲೋಡು ಸಿ ಇರುವ ಜೋಡಿಗೆ. ಲೋಡಿನಲ್ಲಿ ವೋಲ್ಟೇಜ್ ಬಿದ್ದರೆ ಎರಡನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಿ. 440 ವೋಲ್ಟಿನ ಮೋಟರ್-ರನ್ ಕೆಪಾಸಿಟರ್‌ಗಳನ್ನೇ ಹಾಕಿ. ಸ್ಟಾರ್ಟಿಂಗ್ ಕೆಪಾಸಿಟರ್ ಕೆಲವು ಸೆಕೆಂಡುಗಳ ಕೆಲಸಕ್ಕೆ ಮಾಡಿದ್ದು, ಇಲ್ಲಿ ಕಾದು ಸಿಡಿಯುತ್ತದೆ.

ಎರಡರಷ್ಟಿರುವುದು ಯಾವ ಜೋಡಿಗೆ ಎನ್ನುವುದು ತಿರುಗುವ ದಿಕ್ಕಿನ ಮೇಲೆ ಹೋಗುತ್ತದೆ. ಲೋಡು ಹಾಕಿ ಮೂರೂ ತಂತಿಗಳ ಆಂಪಿಯರ್ ಅಳೆಯಿರಿ. ತೀರಾ ಏರುಪೇರಿದ್ದು ಮೋಟರ್ ಬೇಗ ಬಿಸಿಯಾದರೆ, 50ನ್ನು ಖಾಲಿ ಇದ್ದ ಜೋಡಿಗೆ ಬದಲಿಸಿ. ಪ್ಲೇಟಿನಲ್ಲಿ ಸ್ಟಾರಿಗೆ 3.5 ಆಂಪಿಯರ್ ಇದ್ದರೆ ಡೆಲ್ಟಾದಲ್ಲಿ ಪ್ರತಿ ತಂತಿಯ ಮಿತಿ 6.

ನಿಜವಾದ ಕಷ್ಟ ಲೋಡಿನದು. ಲೋಡು ತಟ್ಟನೆ ಕಳಚಿದರೆ ಚಕ್ರ ಮಾಮೂಲಿನ ಹೆಚ್ಚುಕಡಿಮೆ 1.8 ಪಟ್ಟು ವೇಗಕ್ಕೆ ಹೋಗಿ ವೋಲ್ಟೇಜ್ ಹಾರುತ್ತದೆ, ಬಲ್ಬಿನಿಂದ ಟಿ.ವಿ.ವರೆಗೆ ಎಲ್ಲ ಸುಡುತ್ತದೆ. ಆದ್ದರಿಂದ ಮನೆಯಲ್ಲಿ ಬಳಸದ ಕರೆಂಟನ್ನೆಲ್ಲ ಬಚ್ಚಲಿನ ನೀರಿನ ಟ್ಯಾಂಕಿನ ಹೀಟರಿಗೆ ಕಳಿಸುವ ಕಂಟ್ರೋಲರ್ ಅಗತ್ಯ. ವೋಲ್ಟೇಜ್ ಮಿತಿ ಮೀರಿದರೆ ತಾನೇ ಕಡಿಯುವ ಓವರ್‌ವೋಲ್ಟೇಜ್ ಟ್ರಿಪ್ಪನ್ನು ಲೋಡಿನ ತಂತಿಗಲ್ಲ, ಕೆಪಾಸಿಟರಿನ ತಂತಿಗೆ ಹಾಕಿ. ಕೆಪಾಸಿಟರ್ ಬಿಟ್ಟರೆ ಉತ್ಪಾದನೆಯೇ ನಿಲ್ಲುತ್ತದೆ. ಫ್ರಿಜ್ಜು, ಪಂಪು ಶುರುವಾಗುವಾಗ ಮ್ಯಾಗ್ನೆಟೈಸಿಂಗ್ ಕರೆಂಟನ್ನು ಕಬಳಿಸಿ ವೋಲ್ಟೇಜನ್ನು ಕುಸಿಯಿಸುತ್ತವೆ. ಅವನ್ನು ಇದಕ್ಕೆ ಹಚ್ಚಲೇಬೇಡಿ. ವಿದ್ಯುತ್ ಕಂಪನಿ ಮೆಸ್ಕಾಂನ ಲೈನಿನ ಜೊತೆ ಎಂದೂ ಸೇರದಂತೆ ಚೇಂಜ್‌ಓವರ್ ಸ್ವಿಚ್ ಇರಲಿ.

ಶುರು ಮಾಡುವಾಗ ಲೋಡು ತೆಗೆದು, ನಾಜಲ್ ನಿಧಾನ ತೆರೆದು, ವೋಲ್ಟೇಜ್ ಎದ್ದ ಮೇಲೆ ಲೋಡು ಹಾಕಿ. ಲೋಡಿನಲ್ಲೇ ನಿಂತರೆ ಅಥವಾ ಶಾರ್ಟ್ ಆದರೆ ರೋಟರಿನಲ್ಲಿ ಉಳಿದ ಅಲ್ಪ ಕಾಂತತ್ವವೂ ಹೋಗಿ, ಮತ್ತೆ ತಿರುಗಿಸಿದಾಗ ಏನೂ ಬರುವುದಿಲ್ಲ. ಚಕ್ರ ನಿಲ್ಲಿಸಿ, ಕೆಪಾಸಿಟರ್‌ಗಳನ್ನು ಬಲ್ಬಿನಿಂದ ಡಿಸ್ಚಾರ್ಜ್ ಮಾಡಿ ಬಿಚ್ಚಿ, ಯಾವುದಾದರೂ ಎರಡು ತಂತಿಗೆ 12 ವೋಲ್ಟ್ ಬ್ಯಾಟರಿಯನ್ನು ಕೆಲವು ಸೆಕೆಂಡು ಮುಟ್ಟಿಸಿ. ಆಮೇಲೂ ಏಳದಿದ್ದರೆ ವೇಗ ನೋಡಿ. ನಾಜಲಿಗೆ ದರಗು ಸಿಕ್ಕಿಕೊಂಡು ಚಕ್ರ 1500 ಆರ್‌ಪಿಎಂಗಿಂತ ಬಹಳ ಕೆಳಗೆ ಇಳಿದಿರಬಹುದು.