ಬೇಸಿಗೆ ಬಿಟ್ಟು ಎಳ್ಳಮಾವಾಸ್ಯೆಗೆ ಕೇಳಿದೆ: ಮುಟ್ಟು ನಿಲ್ಲುವ ಲಕ್ಷಣ ಗುರುತಿಸಿದ ನನ್ನ ಅನುಭವ

ಚಿತ್ತಾಪುರ ತಾಲ್ಲೂಕಿನ ನಮ್ಮ ಆರೋಗ್ಯ ಉಪಕೇಂದ್ರದ ಹಳ್ಳಿಗಳಲ್ಲಿ ಮುಟ್ಟು ನಿಲ್ಲುವ ಹಂತದಲ್ಲಿರುವ ಹೆಂಗಸರನ್ನು ಗುರುತಿಸಲು ಮೊದಲ ವರ್ಷ ಏಪ್ರಿಲ್‌ನಲ್ಲಿ ಹೊರಟದ್ದೇ ನನ್ನ ತಪ್ಪು. ಮೈಗೆ ಝಳ ಹತ್ತಿ ಬೆವರುತ್ತದೆಯೇ ಎಂದು ಕೇಳಿದರೆ, “ಬ್ಯಾಸಗ್ಯಾಗ ಯಾರಿಗಿ ಝಳ ಹತ್ತಂಗಿಲ್ರಿ ಅಕ್ಕೋರೆ?” ಎಂದು ನಕ್ಕರು. 42 ಡಿಗ್ರಿ ಬಿಸಿಲಿನಲ್ಲಿ ಸುಮಾರು 60 ಮನೆ ತಿರುಗಿ ತುಂಬಿದ ಆ ಪಟ್ಟಿಯನ್ನು ಹರಿದೊಗೆದೆ.

ಮರುವರ್ಷ ಕೈಯಿಂದ 1,200 ರೂಪಾಯಿಯಷ್ಟು ಹಾಕಿ ಕ್ಯಾಲೆಂಡರ್ ಹಂಚಿ, ಮುಟ್ಟಾದ ದಿನಕ್ಕೆ ಕುಂಕುಮದ ಬೊಟ್ಟಿಡಿ ಎಂದೆ. ಮಗ, ಅಳಿಯ ಓಡಾಡುವ ಗೋಡೆಯ ಮೇಲೆ ಯಾರು ಬೊಟ್ಟಿಟ್ಟಾರು? ದಾರದಲ್ಲಿ ಮಣಿ ಪೋಣಿಸುವ ಉಪಾಯಕ್ಕೆ ಹೋದ 400 ರೂಪಾಯಿ ಮೊಮ್ಮಕ್ಕಳ ಆಟಕ್ಕಾಯಿತು. ಇವರಿಗೆ ತಾರೀಖು ನೆನಪಿರುವುದಿಲ್ಲ, ಸುಮ್ಮನೆ ಬಿಡು ಎಂದು ಹಿರಿಯ ಸಹೋದ್ಯೋಗಿಗಳು ಬುದ್ಧಿ ಹೇಳಿದರು.

ತಾರೀಖು ನೆನಪಿರುವುದಿಲ್ಲ ನಿಜ, ಆದರೆ ಎಳ್ಳಮಾವಾಸ್ಯೆಯ ಚರಗ (ಭೂತಾಯಿಗೆ ನೈವೇದ್ಯ) ಚೆಲ್ಲಲು ಹೊಲಕ್ಕೆ ಹೋಗದೆ, ಮುಟ್ಟಾಗಿ ಮನೆಯಲ್ಲೇ ಉಳಿದ ಹಬ್ಬವನ್ನು ಯಾವ ಹೆಂಗಸೂ ಮರೆಯುವುದಿಲ್ಲ. ಬೇಡವೆಂದು ನಾವೇ ಸಾರುತ್ತ ಬಂದಿರುವ ಮೈಲಿಗೆಯ ಕಟ್ಟುಪಾಡು ನನ್ನ ಲೆಕ್ಕಕ್ಕೆ ಆಧಾರವಾಯಿತು. ಎಳ್ಳಮಾವಾಸ್ಯೆಯ ವಾರ ಮನೆಮನೆಗೆ ಹೋಗಿ, ಕೊನೆಯ ಸಲ ಮುಟ್ಟಾದದ್ದು ಕಾರಹುಣ್ಣಿಮೆಯ ಆಚೆಗೋ ಈಚೆಗೋ, ಪಂಚಮಿಗೋ, ದೀಪಾವಳಿಗೋ ಎಂದು ಹಿಂದಕ್ಕೆ ಎಣಿಸಿದರೆ, ಹೋದ ಎಳ್ಳಮಾವಾಸ್ಯೆಯಿಂದ ಈಚೆಗೆ ಒಮ್ಮೆಯೂ ಆಗದವರು, ಅಂದರೆ 12 ತಿಂಗಳು ಪೂರೈಸಿದವರು, ತಾವಾಗಿಯೇ ಬೇರೆಯಾಗುತ್ತಿದ್ದರು. ಜೊತೆಗೆ ಚಳಿಯೂ ಇರುತ್ತಿದ್ದುದರಿಂದ, ನಡುರಾತ್ರಿ ಕೌದಿ ಒದ್ದು ಎದ್ದು ಕೂಡುತ್ತೀರಾ ಎಂಬ ಒಂದೇ ಪ್ರಶ್ನೆ ಸಾಕಾಯಿತು. ಯೋನಿಯ ಒಣಗುವಿಕೆ, ಉರಿಮೂತ್ರದ ಮಾತನ್ನು ಹೊರಡಿಸಲು ಇನ್ನೊಂದು ಪ್ರಶ್ನೆಯಿದೆ. ಅದನ್ನು ಬರೆಯುವುದಿಲ್ಲ, ನಮ್ಮೂರಿಗೆ ಬಂದವರಿಗೆ ಹೇಳಿಕೊಡುತ್ತೇನೆ.

ಝಳ ಬಂದ ಹೊತ್ತಿನಲ್ಲೇ ಥರ್ಮಾಮೀಟರ್ ಇಟ್ಟು ನೋಡುವ ಹುಚ್ಚೂ ಹತ್ತಿತ್ತು. ಎರಡು ಮೂರು ನಿಮಿಷದಲ್ಲಿ ಇಳಿದುಹೋಗುವ ಝಳವನ್ನು ಹಿಡಿಯುವುದು ಸುಲಭವಲ್ಲ, ಹಿಡಿದ ಏಳೆಂಟು ಸಲವೂ ಜ್ವರ ತೋರಲಿಲ್ಲ. ರಾತ್ರಿ ಬೆವರಿನ ಜೊತೆ ಸಂಜೆ ಜ್ವರವೂ ಇದ್ದ ಒಬ್ಬರನ್ನು ಕ್ಷಯದ ಕಫ ಪರೀಕ್ಷೆಗೆ ಕಳಿಸಿದ್ದು ಈ ಹುಚ್ಚಿನಿಂದಲೇ.

ತಾಂಡಾದಲ್ಲಿ ಮೂವತ್ತೈದಕ್ಕೇ ಗರ್ಭಕೋಶ ತೆಗೆಸಿಕೊಂಡವರಿಗೆ ಹಬ್ಬದ ಲೆಕ್ಕ ನಡೆಯದು. ಅವರ ಡಿಸ್ಚಾರ್ಜ್ ಚೀಟಿಯಲ್ಲಿ ಅಂಡಾಶಯಗಳನ್ನೂ ತೆಗೆದಿದ್ದಾರೆಯೇ ಎಂದು ನೋಡುತ್ತೇನೆ, ಏಕೆಂದರೆ ಎರಡನ್ನೂ ತೆಗೆದಿದ್ದರೆ ಝಳ ಕೆಲವೇ ದಿನಗಳಲ್ಲಿ ಜೋರಾಗಿ ಶುರುವಾಗುತ್ತದೆ.

ಎಪ್ಪತ್ತರಷ್ಟು ಹೆಂಗಸರಲ್ಲಿ ಮೂವತ್ತು ಚಿಲ್ಲರೆ ಮಂದಿಯ ಲಕ್ಷಣಗಳು ಹೀಗೆ ಸ್ಪಷ್ಟವಾದವು. ಎದೆ ಬಡಿತ, ಸುಸ್ತು ಎಂದ ನಾಲ್ವರಲ್ಲಿ ಇಬ್ಬರದು ಥೈರಾಯ್ಡ್, ಇಬ್ಬರದು ರಕ್ತಹೀನತೆ. ಮುಟ್ಟು ನಿಂತು ಎರಡು ವರ್ಷದ ಮೇಲೆ ಮತ್ತೆ ರಕ್ತ ಕಂಡು, ದೇವಿ ಒಲಿದಳೆಂದು ಉಡಿ ತುಂಬಿಸಿಕೊಂಡು ಕುಳಿತಿದ್ದ ಒಬ್ಬ ಅಜ್ಜಿಯನ್ನು ಮಾತ್ರ ಆ ದಿನವೇ ಕಲಬುರಗಿಯ ಬಸ್ ಹತ್ತಿಸಿ, ನಾನೂ ಜೊತೆಗೆ ಹೋದೆ. ಹಿರಿಯ ಸಹೋದ್ಯೋಗಿಗಳು ಈ ಸಲದ ಎಳ್ಳಮಾವಾಸ್ಯೆಗೆ ನನ್ನ ಪಟ್ಟಿಯ ನಕಲು ಕೇಳಿದ್ದಾರೆ.